ಸೌಟು ಹಾಕದ ಕುಂಬಳಕಾಯಿ

ಅಕ್ಟೋಬರ್ ೬

ಅತ್ತೆಯವರಿಗೆ ನಮಸ್ಕಾರ.

ಪತ್ರ ತಡವಾಯಿತೆಂದು ನೀವು ಬೈದುಕೊಳ್ಳುತ್ತಿರುತ್ತೀರಿ. ಫೋನು ಮಾಡೋಣವೆಂದರೆ ನಿಮಗೆ ಅರ್ಧ ಮಾತು ಕೇಳಿಸುವುದಿಲ್ಲ, ಕೇಳಿಸಿದ ಅರ್ಧವನ್ನು ಪಕ್ಕದ ಮನೆಯವರಿಗೆ ಬೇರೆಯೇ ಮಾಡಿ ಹೇಳುತ್ತೀರಿ. ಕಳೆದ ಸಲ ನನಗೆ ನೆಗಡಿ ಎಂದದ್ದು ಅವರ ಮನೆ ತಲುಪುವಷ್ಟರಲ್ಲಿ ಆಸ್ಪತ್ರೆಗೆ ಸೇರಿಸುವ ಮಟ್ಟಕ್ಕೆ ಹೋಗಿತ್ತಂತೆ. ಹಾಗಾಗಿ ಕಾಗದವೇ ವಾಸಿ.

ನಮ್ಮ ಹಲ್ಲಿನ ಲ್ಯಾಬಿನಲ್ಲಿ ಕೆಲಸ ವಿಪರೀತ. ಬೆಳಿಗ್ಗೆಯೆಲ್ಲ ಮೇಣದಲ್ಲಿ ಹಲ್ಲು ಕೂರಿಸುತ್ತೇನೆ, ಮಧ್ಯಾಹ್ನದ ಮೇಲೆ ಚಕ್ರದ ಮುಂದೆ ಕೂತು ಉಜ್ಜುತ್ತೇನೆ. ಸಂಜೆ ಕನ್ನಡಿ ನೋಡಿದರೆ ತಲೆತುಂಬ ಕೃತಕ ಒಸಡಿನ ಗುಲಾಬಿ ಬಣ್ಣದ ಪುಡಿ. ಊರಿನವರ ಒಸಡೆಲ್ಲ ನನ್ನ ಕೂದಲಲ್ಲೇ ಇದೆ ಎಂದು ಪ್ಲಾಸ್ಟರ್ ಅಣ್ಣ ನಗುತ್ತಾನೆ. ಅಚ್ಚು ಹೊಯ್ಯುವವನು ಅವನೇ, ನೀವು ಬಂದಾಗ ನಿಮಗೆ ಕುರ್ಚಿ ಒರೆಸಿ ಕೊಟ್ಟನಲ್ಲ, ಅವನು.

ಈಗ ಬರೆಯಲು ಕಾರಣವಿದೆ. ಮುಂದಿನ ತಿಂಗಳು ಇಪ್ಪತ್ತಕ್ಕೆ ಲ್ಯಾಬಿನಲ್ಲಿ ಊಟದ ಕೂಟ. ಒಬ್ಬೊಬ್ಬರೂ ಮನೆಯಿಂದ ಒಂದೊಂದು ಪಾತ್ರೆ ಮಾಡಿ ತರಬೇಕು, ಎಲ್ಲವನ್ನೂ ಉದ್ದನೆಯ ಮೇಜಿನ ಮೇಲಿಟ್ಟು ಎಲ್ಲರೂ ಹಂಚಿಕೊಂಡು ತಿನ್ನಬೇಕು. ನಮಗೆ ಕೆಲಸ ಕೊಡುವ ಡಾಕ್ಟರುಗಳು, ಸಾಮಾನು ಕೊಡುವವರು ಎಲ್ಲರೂ ಬರುತ್ತಾರೆ. ನಮ್ಮಲ್ಲಿ ಮುಕ್ಕಾಲು ಜನ ಮಾಂಸ ತಿನ್ನುವವರೇ. ಹೋದ ವರ್ಷ ಸಸ್ಯಾಹಾರಿ ಅತಿಥಿಗಳಿಗೆ ಸಿಕ್ಕಿದ್ದು ಸೌತೆಕಾಯಿ ಮತ್ತು ಸಂಕೋಚ. ಈ ಸಲ ನಮ್ಮ ಯಜಮಾನರು, ನಾವು ಬೆನ್ನ ಹಿಂದೆ ದವಡೆ ಸಾಹೇಬರೆನ್ನುವವರು, ಆ ಅತಿಥಿಗಳ ಜವಾಬ್ದಾರಿಯನ್ನು ನನ್ನ ತಲೆಗೆ ಕಟ್ಟಿದ್ದಾರೆ. ನಿಮ್ಮ ಕೈಯಲ್ಲಿ ಪಳಗಿದವಳೆಂದು ಅವರಿಗೆ ಗೊತ್ತು. ಎಲ್ಲವನ್ನೂ ತಿನ್ನುವ ಮನೆಯಲ್ಲಿ ಹುಟ್ಟಿದ ನನಗೆ ಸೊಪ್ಪು ಸೋಸುವುದರಿಂದ ಕಲಿಸಿದವರು ನೀವು. ಹಾಸ್ಟೆಲಿನಲ್ಲಿ ನೂರಾರು ಮಕ್ಕಳಿಗೆ ಅಡಿಗೆ ಮಾಡಿ ಬಡಿಸಿದವರು. ಏನು ಮಾಡಲಿ, ಹೇಳಿ. ಆರಿದರೂ ರುಚಿ ಕೆಡಬಾರದು.

ನಿಮ್ಮ ಮಗ ಚೆನ್ನಾಗಿದ್ದಾರೆ. ಕೆಲಸದ ಮೇಲೆ ಊರೂರು ತಿರುಗಾಟ. ಪತ್ರ ಬರೆಯಲು ಪುರುಸೊತ್ತಿಲ್ಲ.

ನಾನು ಮಾಡಿಕೊಟ್ಟ ಹಲ್ಲಿನ ಸೆಟ್ಟು ಹೇಗಿದೆ? ಎಡಗಡೆ ಒತ್ತುತ್ತದೆ ಎಂದಿದ್ದಿರಿ. ಹಾಗಿದ್ದರೆ ಒಮ್ಮೆ ಬಂದು ಹೋಗಿ.

ನಿಮ್ಮ ಸೊಸೆ


ಅಕ್ಟೋಬರ್ ೬, ಅದೇ ಸಂಜೆ

ಅತ್ತೆ,

ಇದನ್ನು ಅಂಚೆಗೆ ಹಾಕುವುದಿಲ್ಲ. ಬರೆಯದಿದ್ದರೆ ಎದೆ ಒಡೆದುಹೋಗುತ್ತದೆ ಎಂದು ಬರೆಯುತ್ತಿದ್ದೇನೆ.

ನಿಮ್ಮ ಮಗ ಮನೆ ಬಿಟ್ಟು ಹೋಗಿದ್ದಾರೆ. ಆಗಸ್ಟಿನಲ್ಲೇ. ಜಗಳವಾಡಿ ಹೋಗಿದ್ದರೆ ಒಂದಲ್ಲ ಒಂದು ದಿನ ಸಿಟ್ಟಿಳಿದು ಬಂದಾರು ಎಂದುಕೊಳ್ಳುತ್ತಿದ್ದೆ. ಅವರು ಜಗಳವಾಡಲಿಲ್ಲ. ಬಟ್ಟೆ ಮಡಿಸಿ ಪೆಟ್ಟಿಗೆಗೆ ತುಂಬಿ, ಗ್ಯಾಸಿನ ಸಿಲಿಂಡರ್ ಬದಲಾಯಿಸಿ ಕೊಟ್ಟು ಹೋದರು. ಅವರ ಕಂಪನಿಯಲ್ಲಿ ಲೆಕ್ಕ ನೋಡುವ ಆಕೆಯ ಜೊತೆ ಇದ್ದಾರೆ. ಕೇಳಿದ್ದಕ್ಕೆ, "ನಿನ್ನ ತಪ್ಪೇನೂ ಇಲ್ಲ" ಎಂದರು. ನನ್ನ ತಪ್ಪೇ ಇಲ್ಲದಿದ್ದರೆ ನಾನು ಏನನ್ನು ತಿದ್ದಿಕೊಳ್ಳಲಿ?

ಲ್ಯಾಬಿಗೆ ಮೇಣ, ಪ್ಲಾಸ್ಟರ್ ಕೊಡುವುದು ಅವರ ಕಂಪನಿಯೇ. ಕೂಟಕ್ಕೆ ಅವರೂ ಬರುತ್ತಾರೆ. ನಾನು ಬಡಿಸಬೇಕಾದ ಸಸ್ಯಾಹಾರಿ ಅತಿಥಿಗಳಲ್ಲಿ ನಿಮ್ಮ ಮಗನೂ ಒಬ್ಬರು. ನಾಚಿಕೆ ಬಿಟ್ಟು ಹೇಳುತ್ತೇನೆ, ಅವರು ತಿಂದು, ಮನೆಯ ನೆನಪಾಗಿ, ನನ್ನ ಜೊತೆ ಹೊರಟು ಬಂದುಬಿಡಲಿ ಎಂಬುದೊಂದೇ ಆಸೆ ನನಗೆ.

ನಿಮಗೆ ಹೇಳಲು ಬಾಯಿ ಬರುತ್ತಿಲ್ಲ. ಗಂಡ ಹೋದರು, ಸರಿ. ಹೇಳಿದ ದಿನ ನೀವೂ ಹೋಗುತ್ತೀರಿ. ಎಷ್ಟಾದರೂ ಅವರು ನಿಮ್ಮ ಹೊಟ್ಟೆಯಲ್ಲಿ ಹುಟ್ಟಿದವರು, ನಾನು ಮದುವೆಯಾಗಿ ಬಂದವಳು. ಚಿಕ್ಕಂದಿನಲ್ಲೇ ತಾಯಿ ಹೋದವಳಿಗೆ ಮತ್ತೊಮ್ಮೆ ಅದನ್ನು ತಡೆಯುವ ಶಕ್ತಿಯಿಲ್ಲ. ಹೇಳದಿರುವ ತನಕ ನೀವು ನನ್ನ ಅತ್ತೆ.


ಅಕ್ಟೋಬರ್ ೧೫

ಪ್ರೀತಿಯ ಸೊಸೆಗೆ ಆಶೀರ್ವಾದ.

ಸೌತೆಕಾಯಿ ಮತ್ತು ಸಂಕೋಚ ಎಂದು ಬರೆದಿದ್ದೀಯಲ್ಲ, ಓದಿ ಒಬ್ಬಳೇ ನಕ್ಕೆ. ಕರೆದ ಮೇಲೆ ಹೊಟ್ಟೆ ತುಂಬಿಸಬೇಕಮ್ಮ. ಮಾಂಸ ತಿನ್ನದವರಿಗೆ ಎಲೆಕೋಸು ಹೆಚ್ಚಿಟ್ಟರೆ ಮುಗಿಯಿತು ಎಂದುಕೊಳ್ಳುವವರನ್ನು ಹಾಸ್ಟೆಲಿನಲ್ಲಿ ಬೇಕಾದಷ್ಟು ಕಂಡಿದ್ದೇನೆ.

ಕುಂಬಳಕಾಯಿ ಮಾಡು. ನಾನು ಬಟಾಣಿ ಹಾಕಿ ಮಾಡುತ್ತಿದ್ದೆನಲ್ಲ, ಅದು. ನಿನಗೆ ತಿನ್ನಿಸಿದ್ದೇನೆ, ಮಾಡಲು ಕಲಿಸಿರಲಿಲ್ಲ. ಒಂದನ್ನಾದರೂ ನನ್ನ ಕೈಯಲ್ಲೇ ಇಟ್ಟುಕೊಳ್ಳೋಣ ಎಂಬ ದುರಾಸೆ. ಈಗ ಕೊಡುತ್ತೇನೆ. ಸಿಹಿಕುಂಬಳಕಾಯಿಯ ಸಿಪ್ಪೆ ತೆಗೆಯಬೇಡ, ಸಿಪ್ಪೆಯೇ ಹೋಳನ್ನು ಹಿಡಿದಿಡುವುದು. ಅಗಲ ತಳದ ಪಾತ್ರೆಯಲ್ಲಿ ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಕೆಂಪಾಗುವ ತನಕ ಹುರಿ. ಇಲ್ಲಿ ಅವಸರ ಮಾಡಿದೆಯೋ, ಕೆಟ್ಟಿತು. ಹೋಳು, ನೆನೆಸಿದ ಬಟಾಣಿ, ಉಪ್ಪು, ಕುಟ್ಟಿದ ಮೆಣಸು ಹಾಕಿ ಮುಚ್ಚು. ನೀರು ಹಾಕಬೇಡ, ತಾನೇ ಬಿಡುತ್ತದೆ. ಇನ್ನು ಮುಖ್ಯವಾದದ್ದು: ಒಳಗೆ ಸೌಟು ಹಾಕಲೇಬೇಡ. ಪಾತ್ರೆಯ ಎರಡೂ ಕಿವಿ ಹಿಡಿದು ಅಲ್ಲಾಡಿಸು. ಸೌಟು ಹಾಕಿದರೆ ಹೋಳು ಒಡೆದು ಮುದ್ದೆಯಾಗುತ್ತದೆ. ಇಳಿಸಿದ ಮೇಲೆ ನಿಂಬೆರಸ.

ಇನ್ನೊಂದು. ಮಾಂಸದ ಪಾತ್ರೆಗಳಿಂದ ದೂರ ಇಡು. ಬಡಿಸುವ ಚಮಚವನ್ನು ದಾರದಿಂದ ಪಾತ್ರೆಯ ಕಿವಿಗೇ ಕಟ್ಟು. ಹಾಸ್ಟೆಲಿನಲ್ಲಿ ನಾನು ಹಾಗೇ ಕಟ್ಟುತ್ತಿದ್ದೆ. ಕೂಟದಲ್ಲಿ ಮನುಷ್ಯರಿಗಿಂತ ಚಮಚಗಳ ಓಡಾಟ ಜಾಸ್ತಿ. ತಪ್ಪಿ ಮಾಂಸದ ಚಮಚ ಇದಕ್ಕೆ ಬಿದ್ದರೆ ಆಮೇಲೆ ಮಾಂಸ ತಿನ್ನದವರು ಮುಟ್ಟುವುದಿಲ್ಲ.

ನಿನ್ನ ಗಂಡನಿಗೆ ಹುಡುಗನಾಗಿದ್ದಾಗಿನಿಂದ ಇದೆಂದರೆ ಪ್ರಾಣ. ಒಲೆಯಿಂದ ಇಳಿಸುವ ಮೊದಲೇ ತಟ್ಟೆ ಹಿಡಿದು ನಿಲ್ಲುತ್ತಿದ್ದ. ಅವನೂ ಕೂಟಕ್ಕೆ ಬರುತ್ತಾನಲ್ಲ? ಬಡಿಸು.

ಸೆಟ್ಟು ಚೆನ್ನಾಗಿದೆ. ನೋವೇನೂ ಇಲ್ಲ. ಬಂದು ಹೋಗುವಷ್ಟು ತೊಂದರೆ ಯಾಕೆ.

ನಿನ್ನ ಅತ್ತೆ


ನವೆಂಬರ್ ೩

ಅತ್ತೆಯವರಿಗೆ ನಮಸ್ಕಾರ.

ಮೊದಲ ಸಲ ಮಾಡಿದ್ದು ಹಲ್ಲೇ ಇಲ್ಲದವರಿಗೆ ಸರಿಹೋಗುತ್ತಿತ್ತು. ಸೌಟು ಹಾಕಲಿಲ್ಲ, ಆಣೆಗೂ. ಉರಿ ಜಾಸ್ತಿಯಾಗಿತ್ತು. ಎರಡನೆಯ ಸಲ ಅಲ್ಲಾಡಿಸುವ ಭರದಲ್ಲಿ ಮುಚ್ಚಳ ಹಾರಿ ಗೋಡೆಯೆಲ್ಲ ಬಟಾಣಿ. ಮೂರನೆಯದನ್ನು ಲ್ಯಾಬಿಗೆ ಒಯ್ದೆ. ದವಡೆ ಸಾಹೇಬರು ಒಂದು ಹೋಳನ್ನು ಮೇಲಕ್ಕೆತ್ತಿ, ಹಲ್ಲಿನ ಸೆಟ್ಟು ನೋಡುವ ಹಾಗೆ ಬೆಳಕಿಗೆ ಹಿಡಿದು ನೋಡಿ, ಅಂಚು ನೇರವಾಗಿ ಬಂದಿದೆ ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಪ್ಲಾಸ್ಟರ್ ಅಣ್ಣ ಡಬ್ಬಿ ಖಾಲಿ ಮಾಡಿ, ತೊಳೆದು ತಂದುಕೊಟ್ಟ.

ಈಗ ಕೈಗೆ ಹದ ಸಿಕ್ಕಿದೆ. ಒಳಗೆ ಹೋಳುಗಳು ಒಂದಕ್ಕೊಂದು ತಾಗುವ ಸದ್ದು ಬೇಯುತ್ತ ಬೇಯುತ್ತ ಮೆತ್ತಗಾಗುತ್ತದೆ. ಸದ್ದು ನಿಂತಾಗ ಇಳಿಸುತ್ತೇನೆ. ಸರಿ ತಾನೇ?

ಎಲ್ಲರೂ ಕ್ಷೇಮ. ಎಡಗಡೆ ನಿಜವಾಗಿಯೂ ನೋವಿಲ್ಲವೇ? ಸುಳ್ಳು ಹೇಳಿದರೆ ಒಸಡು ಹುಣ್ಣಾಗುತ್ತದೆ, ಜೋಕೆ.

ನಿಮ್ಮ ಸೊಸೆ


ನವೆಂಬರ್ ೧೨

ಸೊಸೆಗೆ ಆಶೀರ್ವಾದ.

ಸದ್ದು ಕೇಳಿ ಇಳಿಸುವುದನ್ನು ನಾನು ಹೇಳಿಕೊಟ್ಟಿರಲಿಲ್ಲ. ನೀನಾಗಿಯೇ ಕಂಡುಕೊಂಡೆ. ಇನ್ನು ಅದು ನಿನ್ನ ಅಡಿಗೆ.

ಒಂದು ಮಾತು ಮರೆತಿದ್ದೆ. ಪಾತ್ರೆಯ ಅಂಚಿಗೆ ಅಂಟಿಕೊಂಡು ಕೆಲವು ಹೋಳು ಕೆಂಪಗಾಗಿರುತ್ತವೆ. ಅವನಿಗೆ ಅವೇ ಬೇಕು. ಮನೆಯಲ್ಲೇ ಬಿಡಿಸಿ ಒಂದು ಚಿಕ್ಕ ಡಬ್ಬಿಯಲ್ಲಿ ಬೇರೆ ತೆಗೆದಿಡು. ಎಲ್ಲರ ಮುಂದೆ ಬೇಡ, ಹೊರಡುವಾಗ ಕೈಗೆ ಕೊಡು. ನೀನು ಏನೂ ಮಾತಾಡಬೇಕಾಗಿಲ್ಲ, ಡಬ್ಬಿ ಕೊಟ್ಟರೆ ಸಾಕು.

ಆ ದಿನ ಆ ಹಸಿರು ಸೀರೆ ಉಟ್ಟುಕೋ. ಸೆಟ್ಟು ಚೆನ್ನಾಗಿದೆ.

ಅತ್ತೆ


ನವೆಂಬರ್ ೨೧

ಅತ್ತೆಯವರಿಗೆ ನಮಸ್ಕಾರ.

ಕೂಟ ಚೆನ್ನಾಗಿ ನಡೆಯಿತು. ಕುಂಬಳಕಾಯಿಯ ಪಾತ್ರೆ ಎಲ್ಲಕ್ಕಿಂತ ಮೊದಲು ಖಾಲಿಯಾಯಿತು. ನಿಮ್ಮ ಮಗ ಎರಡು ಸಲ ಹಾಕಿಸಿಕೊಂಡರು. ಹಸಿರು ಸೀರೆ ಉಟ್ಟಿದ್ದೆ.

ಸ್ವಲ್ಪ ದಣಿವು. ಆಮೇಲೆ ಬರೆಯುತ್ತೇನೆ.

ನಿಮ್ಮ ಸೊಸೆ


ನವೆಂಬರ್ ೨೯

ನನ್ನ ಬಂಗಾರಕ್ಕೆ,

ನಿನ್ನ ಕಾಗದ ಓದಿದೆ. ಎರಡು ಸಲ ಹಾಕಿಸಿಕೊಂಡನೇ! ನನಗೆ ಗೊತ್ತಿತ್ತು. ಬಾಯಿಗಿಟ್ಟ ತಕ್ಷಣ ಅವನು ಅಲ್ಲಾಡಿಹೋಗುತ್ತಾನೆ ಎಂದು ಗೊತ್ತಿದ್ದೇ ಅದನ್ನು ಬರೆದು ಕಳಿಸಿದ್ದು. ಡಬ್ಬಿ ಕೊಟ್ಟೆಯಾ? ಏನೆಂದ? ಜೊತೆಗೇ ಮನೆಗೆ ಬಂದನೇ, ಇಲ್ಲಾ ಸಾಮಾನು ತರಲು ಆ ಮನೆಗೆ ಹೋಗಿದ್ದಾನೆಯೇ? ಬಂದವನನ್ನು ಏನೂ ಕೇಳಬೇಡ, ಮೊದಲು ಸ್ವಲ್ಪ ದಿನ ಹೋಗಲಿ. ಹೊಟ್ಟೆಗೆ ಹಾಕಿಕೋ. ಗಂಡಸರು ಒಮ್ಮೊಮ್ಮೆ ದಾರಿ ತಪ್ಪುತ್ತಾರೆ, ತಪ್ಪಿದ ದಾರಿಯನ್ನು ಅವರಿಗೆ ತೋರಿಸುತ್ತ ಕೂರಬಾರದು.

ಆಗಸ್ಟಿನಲ್ಲಿ ಅವನು ಬಂದು ಹೇಳಿದ ದಿನದಿಂದ ನಾನು ಸರಿಯಾಗಿ ಕಣ್ಣು ಮುಚ್ಚಿಲ್ಲ. ಈವತ್ತು ಮಲಗುತ್ತೇನೆ. ತಕ್ಷಣ ಬರೆ, ತಾಯಿ.

ನಿನ್ನ ಅತ್ತೆ


ಡಿಸೆಂಬರ್ ೮

ಅತ್ತೆ,

ಆಗಸ್ಟಿನಿಂದ ನಿಮಗೆ ಗೊತ್ತಿತ್ತು.

ನಿಮ್ಮ ಮಗ ಊರೂರು ತಿರುಗುತ್ತಿದ್ದಾರೆ ಎಂದು ನಾನು ಬರೆಯುತ್ತಿದ್ದೆ, ನಿನ್ನ ಗಂಡನಿಗೆ ಬಡಿಸು ಎಂದು ನೀವು ಬರೆಯುತ್ತಿದ್ದಿರಿ. ನಾನು ಸುಳ್ಳು ಹೇಳುವುದನ್ನು ಕೂತು ಓದುತ್ತಿದ್ದಿರಿ. ಒಂದು ಸಾಲು, ಗೊತ್ತಾಯಿತಮ್ಮ, ಅಳಬೇಡ, ಎಂದು ಬರೆಯಲು ನಿಮಗೆ ಕೈ ಬರಲಿಲ್ಲ. ಕುಂಬಳಕಾಯಿ ಹೆಚ್ಚುವುದು ಹೇಗೆ ಎಂದು ಬರೆಯಲು ಬಂತು. ನನ್ನನ್ನು ಸೌಟಿನ ಹಾಗೆ ಹಿಡಿದು ನಿಮ್ಮ ಮಗನನ್ನು ಬಾಚಿಕೊಳ್ಳಲು ನೋಡಿದಿರಿ.

ಈಗ ನಿಜ ಕೇಳಿ. ನಿಮ್ಮ ಮಗ ಒಂದು ಹೋಳನ್ನೂ ತಿನ್ನಲಿಲ್ಲ.

ಕೆಲಸದ ಮೇಜುಗಳನ್ನೆಲ್ಲ ಒರೆಸಿ ಬಟ್ಟೆ ಹಾಸಿದ್ದೆವು. ಶೆಲ್ಫಿನ ಮೇಲಿನ ಹಲ್ಲಿನ ಸೆಟ್ಟುಗಳು ಊಟ ಮಾಡುವವರನ್ನು ನೋಡಿ ಕಿಸಿಯಬಾರದೆಂದು ಟವೆಲು ಮುಚ್ಚಿದ್ದೆವು. ನನ್ನ ಪಾತ್ರೆಯನ್ನು ಕಿಟಕಿಯ ಹತ್ತಿರ ಬೇರೆ ಮೇಜಿನ ಮೇಲಿಟ್ಟು, ನೀವು ಹೇಳಿದ ಹಾಗೆ ಚಮಚವನ್ನು ಕಿವಿಗೆ ಕಟ್ಟಿದ್ದೆ. ಆಗ ಅವರು ಬಂದರು. ಆಕೆಯೂ ಜೊತೆಗಿದ್ದಳು. ಅವರು ತೊಟ್ಟಿದ್ದ ನೀಲಿ ಶರಟಿನ ಎರಡನೆಯ ಗುಂಡಿ ನಾನು ಹೊಲಿದದ್ದು, ದಾರದ ಬಣ್ಣ ಸ್ವಲ್ಪ ಬೇರೆ. ಅದು ಕಣ್ಣಿಗೆ ಬಿತ್ತು. ನನಗೆ ಏನಾಯಿತೋ, ದಾರ ಬಿಚ್ಚಿ ಚಮಚ ತೊಳೆಯಲು ಹಿಂದಿನ ಕೋಣೆಗೆ ಹೋದೆ. ಚಮಚ ಸ್ವಚ್ಛವಾಗಿಯೇ ಇತ್ತು. ನಲ್ಲಿ ಬಿಟ್ಟುಕೊಂಡು ಸುಮ್ಮನೆ ನಿಂತಿದ್ದೆ.

ವಾಪಸು ಬಂದಾಗ ಪ್ಲಾಸ್ಟರ್ ಅಣ್ಣ ನನ್ನ ಪಾತ್ರೆಯಿಂದ ಬಡಿಸುತ್ತಿದ್ದ. ಕೈಯಲ್ಲಿದ್ದದ್ದು ಮಾಂಸದ ಪಾತ್ರೆಯ ಸೌಟು. ಅತಿಥಿಗಳು ಬರಿಗೈಯಲ್ಲಿ ನಿಂತಿದ್ದಾರೆ, ಇವಳೆಲ್ಲಿ ಹೋದಳೋ, ನಾನಾದರೂ ಬಡಿಸೋಣ ಎಂದು ಪಾಪ ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡಿದ್ದಾನೆ. ಮೊದಲ ತಟ್ಟೆ ನಿಮ್ಮ ಮಗನ ಕೈಯಲ್ಲಿತ್ತು. ತುತ್ತು ಬಾಯಿಯ ಹತ್ತಿರ ಹೋಗಿತ್ತು.

ಅತ್ತೆ, ನಾನು ಸುಮ್ಮನಿರಬಹುದಿತ್ತು. ನಾನೊಬ್ಬಳು ಬಿಟ್ಟರೆ ಆ ಸೌಟನ್ನು ಗಮನಿಸಿದವರಿಲ್ಲ. ಅವರು ತಿನ್ನಲಿ ಎಂದೇ ಆ ಪಾತ್ರೆಯನ್ನು ವಾರಗಟ್ಟಲೆ ಅಲ್ಲಾಡಿಸಿದವಳು ನಾನು. ಓಡಿಹೋಗಿ ಅವರ ಮಣಿಕಟ್ಟು ಹಿಡಿದುಕೊಂಡೆ.

"ತಿನ್ಬೇಡಿ. ಆ ಸೌಟು ಮಾಂಸದ್ದು."

ಒಂದು ಸೌಟು ತಾನೇ, ಏನಾಗುತ್ತದೆ ಎಂದು ಆಕೆ ಮೆಲ್ಲಗೆ ಅಂದಳು. ಕೆಟ್ಟದಾಗಿ ಅನ್ನಲಿಲ್ಲ, ಗೊತ್ತಿಲ್ಲದೆ ಅಂದಳು. ಅವರು ತಟ್ಟೆಯನ್ನು ಕೆಳಗಿಟ್ಟರು. ಇಟ್ಟು, ಪಾತ್ರೆಯ ಕಡೆ ನೋಡಿದರು.

"ಅಮ್ಮನ ಕುಂಬಳಕಾಯಿ ಅಲ್ವಾ?"

"ಹೌದು."

"ವಾಸನೆ ಬಾಗಿಲಲ್ಲೇ ಬಂತು."

ಅಷ್ಟೇ. ಇಷ್ಟು ತಿಂಗಳಲ್ಲಿ ನಾವು ಆಡಿದ ಮಾತು ಅದು. ನಾನು ಇನ್ನೂ ಅವರ ಕೈ ಹಿಡಿದುಕೊಂಡೇ ಇದ್ದೆ, ಅವರೇ ಬಿಡಿಸಿಕೊಂಡರು. ಹೋಗಿ ಆಕೆಯ ಪಕ್ಕ ಕೂತರು. ಆಕೆ ಒಂದು ಬ್ರೆಡ್ಡು ಮುರಿದು ಅರ್ಧ ಕೊಟ್ಟಳು. ತಿಂದರು. ನನ್ನ ಸಸ್ಯಾಹಾರಿ ಅತಿಥಿಗಳಿಗೆಲ್ಲ ಈ ವರ್ಷವೂ ಬ್ರೆಡ್ಡು ಮತ್ತು ಸೌತೆಕಾಯಿ. ಪ್ಲಾಸ್ಟರ್ ಅಣ್ಣ ಬಾಗಿಲ ಹಿಂದೆ ಹೋಗಿ ಅತ್ತ. ಪಾತ್ರೆಯನ್ನು ಮಾಂಸ ತಿನ್ನುವವರು ಖಾಲಿ ಮಾಡಿದರು, ಆ ಒಂದು ಮಾತು ನಾನು ಸುಳ್ಳು ಬರೆದಿರಲಿಲ್ಲ.

ಡಬ್ಬಿ ನನ್ನ ಚೀಲದಲ್ಲಿತ್ತು. ಅದಕ್ಕೆ ಯಾವ ಸೌಟೂ ತಾಗಿರಲಿಲ್ಲ. ಕೊಡಬಹುದಿತ್ತು, ಹೊರಡುವಾಗ ನನ್ನ ಮುಂದೆಯೇ ಹಾದುಹೋದರು. ಕೊಡಲಿಲ್ಲ. ವಾಸನೆ ಹಿಡಿದು ಗುರುತಿಸಿದವರು, ಗುರುತಿಸಿಯೂ ಹೋದರು. ಇನ್ನು ರುಚಿಯಿಂದ ಆಗುವುದೇನು? ಮನೆಗೆ ಬಂದು, ಸೀರೆಯನ್ನೂ ಬದಲಾಯಿಸದೆ, ನಿಂತುಕೊಂಡೇ ನಾನೇ ತಿಂದೆ. ತುಂಬ ಚೆನ್ನಾಗಿತ್ತು. ಅದೇ ನನ್ನ ಹೊಟ್ಟೆ ಉರಿಸಿದ್ದು.

ಇನ್ನು ನನಗೆ ಬರೆಯಬೇಡಿ.


ಡಿಸೆಂಬರ್ ೧೭

ಮಗು,

ಬರೆಯಬೇಡಿ ಎಂದಿದ್ದೀಯ. ಒಂದು ಸಲ ಕೇಳಿಬಿಡು.

ಆಗಸ್ಟಿನಲ್ಲಿ ಅವನು ಬಂದು, ನೀನೇ ಅವಳಿಗೆ ಸಮಾಧಾನ ಹೇಳಮ್ಮ ಎಂದ. ತಟ್ಟೆ ಹಾಕದೆ ಅವನನ್ನು ಕಳಿಸಿದೆ. ಜೀವಮಾನದಲ್ಲಿ ಒಬ್ಬರನ್ನೂ ಹಾಗೆ ಕಳಿಸಿದವಳಲ್ಲ ನಾನು. ಆಮೇಲೆ ನಿನಗೆ ಬರೆಯಲು ಕೂತರೆ ಏನೆಂದು ಬರೆಯಲಿ? ನನಗೂ ಗೊತ್ತು ಎಂದು ಬರೆದ ಕ್ಷಣ ನೀನು ಸೊಸೆಯೆಂದು ಸಹಿ ಹಾಕುವುದನ್ನು ಬಿಡುತ್ತೀಯ. ನೀನಾಗಿ ಬಾಯಿ ಬಿಡುವ ತನಕ ನನಗೊಬ್ಬಳು ಸೊಸೆ ಇದ್ದಳು. ಅದಕ್ಕೇ ತುಟಿ ಪಿಟಕ್ಕೆನ್ನಲಿಲ್ಲ.

ಅವನನ್ನು ಬಾಚಿಕೊಳ್ಳಲು ನೋಡಿದೆ ಎಂದೆಯಲ್ಲ. ಇರಬಹುದು. ಆದರೆ ಅವನು ನನಗೆ ಎಲ್ಲಿದ್ದರೂ ಮಗನೇ ಕಣಮ್ಮ, ಎಲ್ಲಿಗೂ ಹೋಗುವವನಲ್ಲ. ಕೈ ತಪ್ಪಿ ಹೋಗುವವಳು ನೀನು. ನಾನು ಉಳಿಸಿಕೊಳ್ಳಲು ನೋಡಿದ್ದು ನಿನ್ನನ್ನು.

ನೀನು ಅವನ ಕೈ ಹಿಡಿದು ನಿಲ್ಲಿಸಿದ್ದನ್ನು ಓದಿ ಕಾಗದ ಮಡಿಸಿಟ್ಟೆ. ಮತ್ತೆ ತೆರೆಯಲು ಧೈರ್ಯ ಬರಲಿಲ್ಲ.

ಅತ್ತೆ


ಜನವರಿ ೧೦

ಮಗು,

ಉತ್ತರ ಬರಲಿಲ್ಲ. ಅಂಚೆಯವನು ಗೇಟಿನ ಹತ್ತಿರ ನನ್ನನ್ನು ನೋಡಿದರೆ ಈಗ ಸೈಕಲ್ಲನ್ನು ಆಚೆ ಬದಿಗೆ ತಿರುಗಿಸಿಕೊಂಡು ಹೋಗುತ್ತಾನೆ, ಪಾಪ.

ಇಲ್ಲಿ ಚಳಿ. ಅಡಿಗೆಯೇನೂ ದೊಡ್ಡದಾಗಿ ಮಾಡುತ್ತಿಲ್ಲ. ಗಂಜಿಯೇ ಹಿತ ಅನಿಸುತ್ತದೆ. ನೀನು ಊಟ ಬಿಡಬೇಡ.

ಅತ್ತೆ


ಫೆಬ್ರವರಿ ೪

ಮಗು,

ಒಂದು ವಿಷಯ ನಿನಗೆ ಬೇರೆಯವರಿಂದ ತಿಳಿಯಬಾರದು ಎಂದು ಬರೆಯುತ್ತಿದ್ದೇನೆ. ಮನೆ ಮಾಲೀಕರು ಈ ಮನೆ ಕೆಡವಿ ಮಹಡಿ ಕಟ್ಟಿಸುತ್ತಾರಂತೆ, ನಾನು ಖಾಲಿ ಮಾಡಬೇಕು. ಅವನು ಬಂದಿದ್ದ. ಆಕೆಯೂ ಬಂದಿದ್ದಳು. ತಮ್ಮ ಜೊತೆಗೇ ಬಂದಿರು ಎನ್ನುತ್ತಾರೆ. ಆಕೆ ನನ್ನ ಮುಂದೆ ಕೂರಲು ಹೆದರಿ ಇಡೀ ಹೊತ್ತು ನಿಂತೇ ಇದ್ದಳು. ಬೈಯೋಣವೆಂದು ಕಾದಿದ್ದೆ, ಬೈಗುಳ ಬರಲಿಲ್ಲ. ಕೆಟ್ಟವಳಾಗಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು.

ನಾನಿನ್ನೂ ಹೂಂ ಎಂದಿಲ್ಲ.

ಸೆಟ್ಟು ತೊಳೆಯುವಾಗ ಕೈಜಾರಿ ಸಿಂಕಿಗೆ ಬಿದ್ದು ಎರಡಾಯಿತು. ಅವನು ಹೊಸದು ಮಾಡಿಸುತ್ತೇನೆ ಎಂದ, ಬೇಡ ಎಂದೆ. ಇದನ್ನು ನಿನಗೆ ಹೇಳಬೇಕೆಂದು ಬರೆದದ್ದಲ್ಲ, ಮಾತಿನ ಮಧ್ಯೆ ಬಂತು.

ಅತ್ತೆ


ಫೆಬ್ರವರಿ ೧೩

ಎರಡೂ ತುಂಡನ್ನು ಹತ್ತಿಯಲ್ಲಿ ಸುತ್ತಿ ಲ್ಯಾಬಿನ ವಿಳಾಸಕ್ಕೆ ಕಳಿಸಿ. ಅಂಟು ಹಾಕಬೇಡಿ.


ಮಾರ್ಚ್ ೫

ಅತ್ತೆಯವರಿಗೆ,

ಇದರ ಜೊತೆಗಿರುವ ಡಬ್ಬಿಯಲ್ಲಿ ನಿಮ್ಮ ಹಲ್ಲಿನ ಸೆಟ್ಟು ಇದೆ. ಬಾಯಿಗೆ ಹಾಕುವ ಮುಂಚೆ ತಣ್ಣೀರಿನಲ್ಲಿ ನೆನೆಸಿ. ಬಿಸಿನೀರು ಬೇಡ.

ನೀವು ಸುಳ್ಳಿ. ತುಂಡುಗಳನ್ನು ಕೈಗೆ ತೆಗೆದುಕೊಂಡ ತಕ್ಷಣ ಗೊತ್ತಾಯಿತು. ಎಡಗಡೆ ಒಳಮೈಯನ್ನು ಉಜ್ಜಿದ್ದೀರಿ, ಚಾಕು ಮಸೆಯುವ ಕಲ್ಲಿನಲ್ಲೇ ಇರಬೇಕು, ಗೀರುಗಳು ಹಾಗೇ ಇವೆ. ಒಂದು ದಿನದ ಕೆಲಸವಲ್ಲ ಅದು. ಒತ್ತಿದಾಗಲೆಲ್ಲ ಕೂತು ಉಜ್ಜಿದ್ದೀರಿ. ತೆಳ್ಳಗಾಗಿಯೇ ಅದು ಒಡೆದದ್ದು, ಸಿಂಕಿನ ತಪ್ಪಲ್ಲ. ನೋವೇನೂ ಇಲ್ಲ, ಚೆನ್ನಾಗಿದೆ ಎಂದು ಪ್ರತಿ ಕಾಗದದಲ್ಲೂ ಬರೆದಿರಿ. ಯಾಕೆಂದು ಈಗ ಅರ್ಥವಾಗುತ್ತದೆ. ನೋವು ಎಂದರೆ ನಾನು ಬನ್ನಿ ಎನ್ನುತ್ತಿದ್ದೆ, ನೀವು ಬಂದರೆ ಅವರಿಲ್ಲದ ಮನೆಯನ್ನು ಇಬ್ಬರೂ ನೋಡಬೇಕಾಗುತ್ತಿತ್ತು.

ಆ ಗೀರುಗಳ ಮೇಲೆ ಬೆರಳಾಡಿಸುತ್ತ ತುಂಬ ಹೊತ್ತು ಕೂತಿದ್ದೆ. ಕಣ್ಣೀರು ತಡೆಯಲಾಗಲಿಲ್ಲ. ದವಡೆ ಸಾಹೇಬರು ಹಿಂದಿನಿಂದ ಬಂದು ನೋಡಿ, ನನ್ನ ಬಾಕಿ ಕೆಲಸ ಎತ್ತಿಕೊಂಡು ಹೋದರು.

ನಿಮ್ಮ ಬಾಯಿಯ ಅಚ್ಚು ನನ್ನ ಹತ್ತಿರ ಇನ್ನೂ ಇದೆ. ಕೆಲಸ ಮುಗಿದ ಮೇಲೆ ಅಚ್ಚುಗಳನ್ನು ಒಡೆದು ಬಿಸಾಡುತ್ತೇವೆ, ಜಾಗ ಸಾಲುವುದಿಲ್ಲ. ನಿಮ್ಮದನ್ನು ನನ್ನ ಶೆಲ್ಫಿನಲ್ಲಿ ಇಟ್ಟುಕೊಂಡಿದ್ದೆ. ಅದರ ಮೇಲೇ ಕೂರಿಸಿ ಸರಿಮಾಡಿದ್ದೇನೆ. ಒಸಡು ಈಗ ಕುಗ್ಗಿರುತ್ತದೆ, ಒಳಗೆ ಮೆತ್ತನೆಯ ಪದರ ಕೊಟ್ಟಿದ್ದೇನೆ. ಇನ್ನು ಒತ್ತುವುದಿಲ್ಲ.

ಅವರ ಮನೆಗೆ ಹೋಗಿ, ಅತ್ತೆ. ಗಂಜಿ ಕುಡಿದುಕೊಂಡು ನನಗೋಸ್ಕರ ಹಟ ಹಿಡಿಯಬೇಡಿ. ಕೋರ್ಟಿನ ಕಾಗದಕ್ಕೆ ಸಹಿ ಹಾಕಿ ಕೊಟ್ಟಿದ್ದೇನೆ. ಕಳೆದ ವಾರ ಆಕೆ ಮೇಣದ ಲೆಕ್ಕಕ್ಕೆಂದು ಲ್ಯಾಬಿಗೆ ಬಂದಿದ್ದಳು. ಕರೆದು ಕೂರಿಸಿ ಕುಂಬಳಕಾಯಿ ಮಾಡುವುದನ್ನು ಹೇಳಿಕೊಟ್ಟೆ. ಸಿಪ್ಪೆ, ಈರುಳ್ಳಿಯ ಉರಿ, ಪಾತ್ರೆಯ ಕಿವಿ, ಸದ್ದು ನಿಲ್ಲುವುದು, ಎಲ್ಲವನ್ನೂ. ಒಂದನ್ನಾದರೂ ಮುಚ್ಚಿಟ್ಟುಕೊಳ್ಳೋಣ ಎಂದು ಮನಸ್ಸು ಎಳೆಯಿತು, ನಿಮ್ಮ ಸೊಸೆ ತಾನೇ. ಆದರೆ ತಿನ್ನುವವರು ನೀವು. ಹೋಳು ಸಣ್ಣಗಿರಲಿ, ಅತ್ತೆಯವರಿಗೆ ಎಡಗಡೆ ಅಗಿಯಲು ಕಷ್ಟ ಎಂದೆ. ಆಕೆ ತಲೆ ಬಗ್ಗಿಸಿಕೊಂಡು ಕೇಳಿಸಿಕೊಂಡಳು.

ಆ ಮನೆಗೆ ಹೋದ ಮೇಲೆ ನನಗೆ ಬರೆಯಬೇಡಿ. ಸಿಟ್ಟಿನಿಂದ ಹೇಳುತ್ತಿಲ್ಲ. ಆ ಮನೆಯಿಂದ ಈ ಮನೆಗೆ ಕಾಗದ ಬರುತ್ತಿದ್ದರೆ ಯಾರೂ ನೆಮ್ಮದಿಯಾಗಿ ಇರುವುದಿಲ್ಲ, ಎಲ್ಲರಿಗಿಂತ ಹೆಚ್ಚಾಗಿ ನಾನು. ಅಂಚೆಯವನಿಗಾಗಿ ಕಾಯುವುದನ್ನು ನಾನು ಕಲಿಯಬಾರದು. ಸೆಟ್ಟು ನೋವು ಕೊಟ್ಟರೆ ಮಾತ್ರ ಬರೆಯಿರಿ. ಅದು ನನ್ನ ಕೆಲಸ, ಅದಕ್ಕೆ ಯಾವ ಕೋರ್ಟೂ ಇಲ್ಲ.

ಅಂಚೆಗೆ ಹಾಕದೆ ಇಟ್ಟಿದ್ದ ಒಂದು ಕಾಗದವನ್ನೂ ಇದರ ಜೊತೆ ಕಳಿಸುತ್ತಿದ್ದೇನೆ. ಬರೆದದ್ದು ಅಕ್ಟೋಬರಿನಲ್ಲಿ, ಮನಸ್ಸಿನಲ್ಲಿದ್ದದ್ದು ಆಗಸ್ಟಿನಿಂದ. ಓದಿ ಹರಿದುಹಾಕಿ.

ನಮಸ್ಕಾರ. ಏನೆಂದು ಸಹಿ ಹಾಕಬೇಕೋ ತಿಳಿಯುತ್ತಿಲ್ಲ.


ಮಾರ್ಚ್ ೩೦

ನನ್ನ ಮಗುವಿಗೆ,

ಇಲ್ಲಿಗೆ ಬಂದು ವಾರವಾಯಿತು. ಕಿಟಕಿಯಿರುವ ಕೋಣೆ ಕೊಟ್ಟಿದ್ದಾರೆ. ಮರದ ಮಂಚ, ಹೊಸ ಹೊದಿಕೆ. ಯಾವುದಕ್ಕೂ ಕೊರತೆ ಇಲ್ಲ.

ನಿನ್ನೆ ಆಕೆ ಕುಂಬಳಕಾಯಿ ಮಾಡಿದಳು. ಒಳಗೆ ಸೌಟು ಹಾಕಲಿಲ್ಲ. ಪಾತ್ರೆಯ ಕಿವಿ ಹಿಡಿದು, ಕಿವಿಗೊಟ್ಟು, ಸದ್ದು ನಿಂತಾಗ ಇಳಿಸಿದಳು. ಹೋಳು ಸಣ್ಣ ಸಣ್ಣದಾಗಿ ಹೆಚ್ಚಿದ್ದಳು. ಅಂಚಿನ ಕೆಂಪು ಹೋಳುಗಳನ್ನು ಬಿಡಿಸಿ ಅವನ ತಟ್ಟೆಗೆ ಹಾಕಿದಳು. ಅವನು ಮೊದಲ ತುತ್ತು ಬಾಯಿಗಿಟ್ಟವನು ಅಗಿಯದೆ ಹಾಗೇ ಕೂತ. ಆಮೇಲೆ ಎದ್ದು 'ನೀರು' ಎಂದು ಒಳಗೆ ಹೋದವನು ತುಂಬ ಹೊತ್ತು ಬರಲಿಲ್ಲ. ನೀರು ಮೇಜಿನ ಮೇಲೇ ಇತ್ತು. ನಾವಿಬ್ಬರೂ ಅದನ್ನು ನೋಡಿಯೂ ನೋಡದವರ ಹಾಗೆ ಕೂತಿದ್ದೆವು.

ಹೇಗಿದೆ ಎಂದು ಆಕೆ ಕೇಳಿದಳು. ಚೆನ್ನಾಗಿದೆ ಎಂದೆ. ಚೆನ್ನಾಗಿಯೇ ಇತ್ತು. ನಿನ್ನ ಕೈಯ ಹದವನ್ನು ಬೇರೆಯವರ ಮನೆಯಲ್ಲಿ ಕೂತು ತಿಂದೆ. ಹಲ್ಲು ಕಚ್ಚಿಕೊಂಡು ನುಂಗಿದೆ. ಕಚ್ಚಿಕೊಳ್ಳಲು ಹಲ್ಲು ಕೊಟ್ಟವಳೂ ನೀನೇ.

ನಿನ್ನ ಆ ಕಾಗದವನ್ನು ಹರಿದುಹಾಕಲಿಲ್ಲ. ಹೇಳಿದ ದಿನ ನೀವೂ ಹೋಗುತ್ತೀರಿ ಎಂದು ಬರೆದಿದ್ದೀಯ. ಎಲ್ಲಿಗೆ ಹೋಗಲಿ, ಹೇಳು.

ಸೆಟ್ಟು ಹೇಗಿದೆ ಎಂದು ಇಲ್ಲಿ ಅವನೂ ಕೇಳಿದ, ಆಕೆಯೂ ಕೇಳಿದಳು. ಸರಿಯಾಗಿ ಕೂತಿದೆ, ಹಾಕಿದ್ದೇ ಗೊತ್ತಾಗುವುದಿಲ್ಲ ಎಂದೆ. ಅವರಿಗೆ ಹಾಗೆ ಹೇಳಿದ್ದೇನೆ. ನೋವು ಕೊಟ್ಟರೆ ಮಾತ್ರ ಬರೆಯಿರಿ ಎಂದಿದ್ದೀಯಲ್ಲ, ಅದಕ್ಕೆ ನಿನಗೆ ಬರೆಯುತ್ತಿದ್ದೇನೆ.

ನೋಯುತ್ತಿದೆ, ಮಗು. ಮೊದಲಿನ ಜಾಗದಲ್ಲೇ. ಯಾವ ದಿನ ಬರಲಿ, ಬರೆ.